ಹಿಟ್ಟಿನ ಕೋಳಿಯಿಂದ ದೂರ್ವಾಸಪುರದವರೆಗೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಮಾತು ಬಂದರೆ ಚರ್ಚೆ ಒಂದೇ ಜಾಡು ಹಿಡಿಯುವುದುಂಟು: ಶಾಸ್ತ್ರ ಸೋತಿತು, ದೇಹ ಗೆದ್ದಿತು. ಅಷ್ಟೇ ಆಗಿದ್ದರೆ ದೂರ್ವಾಸಪುರದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ, ಸತ್ತ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯನ್ನು ಕೂಡಿದಲ್ಲಿಗೇ ಕಾದಂಬರಿ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ತಾನು ನಿರ್ಧರಿಸದೆ ನಡೆದುಹೋದ ಕೃತ್ಯಕ್ಕೆ ತಾನು ಹೊಣೆಯೇ ಎಂದು ಕೇಳಿಕೊಳ್ಳುತ್ತ ಆಚಾರ್ಯರು ದೂರ್ವಾಸಪುರ ಬಿಟ್ಟು ಅಲೆಯುತ್ತಾರೆ.

ಹೊಯ್ಸಳರ ಕಾಲದ ಜೈನ ಕವಿ ಜನ್ನ 1209ರ ‘ಯಶೋಧರ ಚರಿತೆ’ ಕಾವ್ಯದಲ್ಲಿ ಇದನ್ನೇ ತಿರುವುಮುರುವಾಗಿ ಕೇಳಿದ್ದ. ರಾಣಿ ಅಮೃತಮತಿ ಮಾವುತ ಅಷ್ಟಾವಂಕನಿಗೆ ಮನಸೋತದ್ದನ್ನು ಯಶೋಧರ ಕಣ್ಣಾರೆ ಕಂಡ. ಕತ್ತಿ ಎತ್ತಿದವನು ತಡೆದುಕೊಂಡ. ಮರುದಿನ ತಾಯಿಯ ಮುಂದೆ ಅದನ್ನು ಕೆಟ್ಟ ಕನಸೆಂದು ಮರೆಮಾಚಿದ. ಆಕೆ ಶಾಂತಿಗಾಗಿ ಬಲಿ ಕೊಡು ಎಂದಳು. ಜೀವಹಿಂಸೆ ಒಲ್ಲದ ಅರಸ ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪಿದ. ಕಡಿದಾಗ ಅದು ಕೂಗಿತು! ಮುಂದೆ ರಾಣಿ ಅಮೃತಮತಿ ಅತ್ತೆ, ಗಂಡ ಇಬ್ಬರಿಗೂ ವಿಷವಿಟ್ಟಳು. ಅವರು ನವಿಲು, ನಾಯಿಯಾಗಿ ಹುಟ್ಟಿ ಜನ್ಮಜನ್ಮ ತೊಳಲಿದರು. ಇಲ್ಲಿ ಸಂಕಲ್ಪವೇ ಹಿಂಸೆ. ಪ್ರಾಣ ಹೋಯಿತೇ ಎಂಬುದು ಆಮೇಲಿನ ಮಾತು. ನನ್ನನ್ನು ಕಾಡುವುದು ಕೋಳಿಗಿಂತ ಆ ರಾಜಿ. ಕೋಪಕ್ಕೆ ಬಗ್ಗದವನು ತಾಯಿಯ ಮಮತೆಗೆ ಬಗ್ಗಿದ, ಬುದ್ಧಿ ಅದಕ್ಕೊಂದು ಸಮಜಾಯಿಷಿ ಹುಡುಕಿಕೊಟ್ಟಿತು.

ಬಲಿಯಿಲ್ಲದ ಸಂಕಲ್ಪ ಜನ್ನನದಾದರೆ, ಸಂಕಲ್ಪವಿಲ್ಲದ ಕೃತ್ಯ ಅನಂತಮೂರ್ತಿಯವರದು. ಅವರು ‘ಸಂಸ್ಕಾರ’ ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ ‘ಸೆವೆಂತ್ ಸೀಲ್’ ಸಿನಿಮಾ ನೋಡಿದ ಮೇಲೆ. ತನ್ನ ಆಯ್ಕೆಗೆ ಮನುಷ್ಯ ತಾನೇ ಹೊಣೆ ಎನ್ನುವ ಯುರೋಪಿನ ಅಸ್ತಿತ್ವವಾದದ ಗಾಳಿ ಅದರಲ್ಲಿದೆ, ನಿಜ. ಆದರೆ ಆಚಾರ ಮೀರಿ ಬದುಕಿದ ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಕೊಳೆಯುತ್ತಿರುವ ಅಗ್ರಹಾರದಲ್ಲಿ ಆ ಗಾಳಿಯ ವಾಸನೆಯೇ ಬೇರೆ.

‘ಸಂಸ್ಕಾರ’ ಪ್ರಕಟವಾದ 1965ರಲ್ಲೇ ತತ್ತ್ವಶಾಸ್ತ್ರದ ಅಧ್ಯಾಪಕ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯೂ ಬಂತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಮನೆಗೆಲಸದ ಲಕ್ಷ್ಮಿಯತ್ತ ಹರಿದ ಆಸೆಯನ್ನು ಹತ್ತಿಕ್ಕಿ ಗೆದ್ದವರು. ಯಾವ ವಂಶಕ್ಕಾಗಿ ಬಾಳಿದರೋ ಆ ವಂಶದ ರಕ್ತ ತಮ್ಮಲ್ಲಿಲ್ಲವೆಂದು ಗೊತ್ತಾದಾಗಲೂ ಶೀಲ ಕುಸಿಯುವುದಿಲ್ಲ. ಆಸ್ತಿ ಬಿಟ್ಟು ಹೊರಡುತ್ತಾರೆ. ವಿಧವೆಯಾಗಿ ಮರುಮದುವೆಯಾದ ಸೊಸೆ ಕಾತ್ಯಾಯನಿಗೆ ಮಾತ್ರ ಅದು ತಪ್ಪಲ್ಲವೆಂದು ಬುದ್ಧಿ ಹೇಳಿದರೂ ಮನಸ್ಸು ಒಪ್ಪದು. ಗರ್ಭಪಾತಗಳ ನಡುವೆ ಆಕೆ ನವೆಯುತ್ತಾಳೆ. ಮಾವನಿಗೆ ಸಂದ ಘನತೆ ಸೊಸೆಗೆ ಸಲ್ಲಲಿಲ್ಲ ಎಂಬ ತಕರಾರಿಗೆ ಹುರುಳಿದೆ.

ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ‘ಸಂಸ್ಕಾರ’ವನ್ನು ಸಿನಿಮಾ ಮಾಡಿದರು. ಮದ್ರಾಸಿನ ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆಯಿತು. ಆಮೇಲೆ ಅದಕ್ಕೇ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಜಾತಿಗೆ ಅವಮಾನವಾಯಿತೇ ಎಂಬ ಗದ್ದಲದಲ್ಲಿ ಹೊಣೆಯ ಪ್ರಶ್ನೆ ಹಿಂದೆ ಸರಿಯಿತು. ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದ ಗಿರೀಶ ಕಾರ್ನಾಡರು ಮುಂದೆ ಜನ್ನನ ಕತೆಯನ್ನೇ ಎತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕ ಬರೆದರು. ಕಾವ್ಯದಲ್ಲಿ ವಿಷವಿಟ್ಟವಳೆಂದು ಮುಗಿದುಹೋಗಿದ್ದ ರಾಣಿ ಅಲ್ಲಿ ತನ್ನ ಪಕ್ಷವನ್ನು ತಾನೇ ವಾದಿಸುತ್ತಾಳೆ.