ರೆಂಬ್ರಾಂಟ್‌ನ ‘ಮೂರು ಶಿಲುಬೆಗಳು’: ಗೆರೆಯಲ್ಲಿ ಕತ್ತಲು ಕಟ್ಟುವುದು

ಬರೋಕ್ ಕಾಲದ (ಯುರೋಪಿನಲ್ಲಿ ಸುಮಾರು 17ನೇ ಶತಮಾನ) ಧಾರ್ಮಿಕ ಅಚ್ಚುಚಿತ್ರಗಳನ್ನು ಈಗಷ್ಟೇ ಓದಲು ಶುರು ಮಾಡಿದವರು ಡಚ್ ಕಲಾವಿದ ರೆಂಬ್ರಾಂಟ್‌ನ ‘ಮೂರು ಶಿಲುಬೆಗಳು’ (1653) ಚಿತ್ರದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇಬ್ಬರು ಕಳ್ಳರ ನಡುವೆ ಕ್ರಿಸ್ತನನ್ನು ಶಿಲುಬೆಗೇರಿಸಿದ ದೃಶ್ಯ ಅದು. ಒಂದು ಮೊದಲ ಹಂತದ್ದು, ಇನ್ನೊಂದು ನಾಲ್ಕನೆಯದು. ಹಂತ ಅಂದರೆ ಅದೇ ತಾಮ್ರದ ತಗಡನ್ನು ತಿದ್ದಿ ಮತ್ತೆ ಅಚ್ಚು ಹಾಕಿದ್ದು.

ಇಲ್ಲಿ ಬಿಳಿ ಬಣ್ಣವೇ ಇಲ್ಲ. ಬೆಳಕು ಅಂದರೆ ಗೆರೆ ಬೀಳದ ಕಾಗದ, ಅಷ್ಟೆ. ಹಾಗಾಗಿ ಎಲ್ಲಿ ಕೈ ತಡೆದಿದ್ದಾನೆ ಅನ್ನೋದನ್ನೂ ನೋಡಬೇಕು.

ಮಾಮೂಲಿ ಎಚಿಂಗ್‌ನಲ್ಲಿ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಇಡುತ್ತಾರೆ. ತಾಮ್ರವನ್ನು ಕೊರೆಯುವುದು ಆಸಿಡ್. ಈ ಚಿತ್ರ ಹೆಚ್ಚಾಗಿ ಡ್ರೈಪಾಯಿಂಟ್, ಅಂದರೆ ಸೂಜಿಯಿಂದ ತಾಮ್ರವನ್ನೇ ನೇರವಾಗಿ ಗೀರುವುದು. ಗೀರಿದಾಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಏಣು ಏಳುತ್ತದೆ, ಅದಕ್ಕೆ ಬರ್ ಅನ್ನುತ್ತಾರೆ. ಅದು ಶಾಯಿ ಹಿಡಿದಿಟ್ಟುಕೊಳ್ಳುವುದರಿಂದ ಅಚ್ಚಿನಲ್ಲಿ ಗೆರೆ ಮಖಮಲ್ಲಿನ ಹಾಗೆ ಮೆತ್ತಗೆ, ದಟ್ಟ ಕಪ್ಪಾಗಿ ಮೂಡುತ್ತದೆ.

ಈಗ ಮೊದಲ ಹಂತ ನೋಡಿ. ಮೇಲಿನಿಂದ ನೆಟ್ಟಗೆ ಬೆಳಕು ಸುರಿಯುತ್ತಿದೆ. ಅದರೊಳಗೆ ಸಿಕ್ಕ ಜನರಿಗೆ ನೆರಳೇ ಇಲ್ಲ, ಬರೀ ಹೊರಗೆರೆ. ಮಂಡಿಯೂರಿ ಕೈ ಚಾಚಿದ ಶತಾಧಿಪತಿ (ರೋಮನ್ ಸೇನೆಯ ಅಧಿಕಾರಿ) ಕೆಲವೇ ಗೆರೆಗಳಲ್ಲಿ ಮುಗಿದಿದ್ದಾನೆ, ಆದರೂ ಅವನು ಬೆಚ್ಚಿಬಿದ್ದಿರುವುದು ಗೊತ್ತಾಗುತ್ತದೆ ಅಲ್ವಾ? ಬೆಳಕು ಜಾಸ್ತಿಯಾದ ಕಡೆ ಆಕಾರಗಳು ಕರಗುತ್ತವೆ. ಅಂಚಿನವರಿಗೆ ಮಾತ್ರ ಕಪ್ಪಿನ ಭಾರ.

ನಾಲ್ಕನೆಯ ಹಂತದಲ್ಲಿ ಎಷ್ಟೋ ಭಾಗ ಕೆರೆದು ಹಾಕಿ ಮತ್ತೆ ಬರೆದಿದ್ದಾನೆ. ಮೇಲಿನಿಂದ ಕೆಳಕ್ಕೆ ಒರಟು ಗೀರುಗಳು, ಕೆಲವು ಜನರ ಮೇಲೆಯೇ ಹಾದುಹೋಗುತ್ತವೆ. ಬಲಗಡೆಯ ಕಳ್ಳ ಹೆಚ್ಚುಕಡಿಮೆ ಮುಚ್ಚಿಹೋಗಿದ್ದಾನೆ. ಬೈಬಲ್ಲಿನ ಲೂಕನ ಸುವಾರ್ತೆ ಹೇಳುವ, ಕ್ರಿಸ್ತ ಸಾಯುವಾಗ ಕವಿದ ಮಧ್ಯಾಹ್ನದ ಕತ್ತಲು ಇಲ್ಲಿ ನೆರಳಲ್ಲ, ಮೇಲಿಂದ ಬೀಳುವ ಒಂದು ವಸ್ತು. ನನಗೆ ಈ ಹಂತವೇ ಹೆಚ್ಚು ಸತ್ಯ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ನೋಡುವವರಿಗೂ ಏನಾಗುತ್ತಿದೆ ಅಂತ ಪೂರ್ತಿ ಕಾಣುವುದಿಲ್ಲ.

ಇದರ ಜೊತೆಗೆ ಅವನ ‘ನೂರು ಗಿಲ್ಡರ್ ಚಿತ್ರ’ವನ್ನೂ (ಗಿಲ್ಡರ್ ಅಂದರೆ ಹಳೆಯ ಡಚ್ ನಾಣ್ಯ) ನೋಡಿ. ಅದೂ ಅಚ್ಚುಚಿತ್ರವೇ, ಅಲ್ಲೂ ಬೆಳಕು-ಕತ್ತಲು ಗೆರೆಯಿಂದಲೇ. ಎಡಗಡೆ ವಾದ ಮಾಡುವವರು ತೆಳು ಗೆರೆಯಲ್ಲಿ, ಬಲಗಡೆ ಕತ್ತಲಿನಿಂದ ಬರುವ ರೋಗಿಗಳು, ನಡುವೆ ಕ್ರಿಸ್ತ.

ಒಂದು ಎಚ್ಚರಿಕೆ: ಬರ್ ಬಹಳ ಬೇಗ ಸವೆಯುತ್ತದೆ. ತಡವಾಗಿ ತೆಗೆದ ಪ್ರತಿಯಲ್ಲಿ ಅದೇ ಗೆರೆ ಒಣಗಿ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಸುಮ್ನೆ ಒಂದು ಫೋಟೊ ನೋಡಿ ಟಿಪ್ಪಣಿ ಬರೆಯಬೇಡಿ. ಯಾವ ಹಂತ, ಮುಂಚಿನ ಪ್ರತಿಯೋ ಸವೆದದ್ದೋ ಅಂತ ಮ್ಯೂಸಿಯಂನ ವಿವರದಲ್ಲಿ ನೋಡಿಕೊಳ್ಳಿ.