‘ಬಂದು ಸಂಸಾರ ಮಾಡು’ ಎಂಬ ನೋಟಿಸ್ ಬಂದಾಗ

ಹಾಸನದಲ್ಲಿ ಕೌಟುಂಬಿಕ ಕೇಸುಗಳನ್ನು ನಡೆಸುವ ನನ್ನ ಬಳಿಗೆ ಅರಕಲಗೂಡು, ಆಲೂರು ಕಡೆಯ ಹೆಣ್ಣುಮಕ್ಕಳು ಒಂದು ನೋಟಿಸ್ ಹಿಡಿದು ಬರುತ್ತಾರೆ. ತವರಲ್ಲಿರುವ ಹೆಂಡತಿ ವಾಪಸ್ ಬಂದು ಸಂಸಾರ ಮಾಡಲಿ ಎಂದು ಗಂಡ ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ ಅಡಿ ಹಾಕಿದ ಕೇಸು. ಜೊತೆಗೆ ಬಂದ ಅಪ್ಪನೋ ಅಣ್ಣನೋ ಮೊದಲು ಕೇಳುವುದು ಇದನ್ನೇ: “ಹೋಗದಿದ್ರೆ ಜೈಲಿಗೆ ಹಾಕ್ತಾರಾ ಮೇಡಂ?”

ಹಾಕುವುದಿಲ್ಲ. ಆದರೆ ಒಂದು ಕಾಲದಲ್ಲಿ ಹಾಕಬಹುದಿತ್ತು. ಹಾಗಾಗಿ ನಾನು ಅವರಿಗೆ ರುಕ್ಮಾಬಾಯಿಯ ಕಥೆ ಹೇಳುತ್ತೇನೆ.

ಮುಂಬೈನ ರುಕ್ಮಾಬಾಯಿಗೆ 11ನೇ ವಯಸ್ಸಿಗೇ ಮದುವೆಯಾಗಿತ್ತು. ಗಂಡನ ಮನೆಗೆ ಹೋಗದೆ ತವರಲ್ಲೇ ಓದಿಕೊಂಡು ಬೆಳೆದರು. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಕೋರ್ಟಿಗೆ ಹೋದ. ತಿಳಿವಳಿಕೆ ಬರುವ ಮೊದಲೇ ಆದ ಮದುವೆಗೆ ತನ್ನ ಒಪ್ಪಿಗೆ ಇರಲಿಲ್ಲ, ಅದಕ್ಕೆ ಕಟ್ಟುಬೀಳುವುದಿಲ್ಲ ಎಂದರು ರುಕ್ಮಾಬಾಯಿ. ಆ ಕಾಲಕ್ಕೆ ಇದೆಂಥ ಮಾತು ಅಲ್ವಾ! 1885ರಲ್ಲಿ ಗೆದ್ದರು. ಗಂಡ ಮೇಲ್ಮನವಿ ಹಾಕಿದ. ತಿಲಕರಂಥವರೂ ಆಕೆಯ ವಿರುದ್ಧ ಬರೆದರು. 1887ರಲ್ಲಿ ಕೋರ್ಟು, ಗಂಡನ ಮನೆಗೆ ಹೋಗಬೇಕು, ಇಲ್ಲವೇ 6 ತಿಂಗಳು ಜೈಲು ಎಂದಿತು. ಜೈಲೇ ಆಗಲಿ ಎಂದರು ಆಕೆ. ಮರುವರ್ಷ ಗಂಡನಿಗೆ 2,000 ರೂಪಾಯಿ ಕೊಟ್ಟು ರಾಜಿಯಾಯಿತು. ಮುಂದೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಸೂರತ್‌ನಲ್ಲಿ ಡಾಕ್ಟರಾಗಿ ವರ್ಷಗಟ್ಟಲೆ ದುಡಿದರು.

ಇಂಥ ಕೇಸಿನಲ್ಲಿ ಜೈಲಿಗೆ ಹಾಕುವ ಅಧಿಕಾರ ಕಾನೂನಿನಿಂದ ಹೋಗಿದ್ದು 1923ರಲ್ಲಿ. 9ನೇ ಕಲಂ ಮಾತ್ರ ಉಳಿದಿದೆ. 1983ರಲ್ಲಿ ಆಂಧ್ರ ಹೈಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತ್ತು, ಆದರೆ ಮರುವರ್ಷ ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ಎತ್ತಿಹಿಡಿಯಿತು. ಮನಸ್ಸಿಲ್ಲದ ಮನೆಗೆ ಹೋಗು ಎಂದು ಹೇಳುವ ಕಾನೂನು ಇರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ನೋಟಿಸನ್ನು ಸುಮ್ನೆ ಮೂಲೆಗೆ ಎಸೆಯಬೇಡಿ. ನೀವು ಹಾಜರಾಗದಿದ್ದರೆ ಗಂಡನ ಮಾತಷ್ಟೇ ಕೇಳಿ ತೀರ್ಪಾಗುತ್ತದೆ. ಆಮೇಲೂ ಹೋಗದಿದ್ದರೆ ನಿಮ್ಮ ಹೆಸರಿನ ಆಸ್ತಿ ಜಪ್ತಿಗೆ ಅರ್ಜಿ ಹಾಕಬಹುದು. ತೀರ್ಪಾದ ಮೇಲೆ ಒಂದು ವರ್ಷ ಸಂಸಾರ ನಡೆಯದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಮನೆ ಬಿಟ್ಟಿದ್ದಕ್ಕೆ ಸರಿಯಾದ ಕಾರಣವಿತ್ತು ಎಂದು ತೋರಿಸಬೇಕಾದವರು ನೀವೇ. ಹೊಡೆತ ತಿಂದಿದ್ದರೆ ಆಸ್ಪತ್ರೆ ಚೀಟಿ, ಮೊಬೈಲಿನ ಮೆಸೇಜು, ರಾಜಿ ಪಂಚಾಯ್ತಿಗೆ ಕೂತಿದ್ದ ಹಿರಿಯರ ಸಾಕ್ಷಿ, ಎಲ್ಲ ಜೋಪಾನ ಮಾಡಿ. ಜೀವನಾಂಶಕ್ಕೂ ಅರ್ಜಿ ಹಾಕಿ.

ಫೀಸಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ನೋಟಿಸ್ ತೆಗೆದುಕೊಂಡು ಅಲ್ಲಿಗೆ ಹೋಗಿ.