ಸೂಪರ್‌ಕಂಪ್ಯೂಟರ್ ಅಷ್ಟು ವೇಗವಾಗಿದ್ದರೆ ವಿಜ್ಞಾನಿಗೆ ಅಲ್ಲೇನು ಕೆಲಸ?

ಓದುಗರ ಪ್ರಶ್ನೆ: ವಿಶ್ವವಿದ್ಯಾಲಯಗಳಲ್ಲಿ ಸೂಪರ್‌ಕಂಪ್ಯೂಟಿಂಗ್ ವಿಜ್ಞಾನಿಗಳು ಇರುತ್ತಾರಲ್ಲ, ಲೆಕ್ಕ ಮಾಡುವುದು ಯಂತ್ರ ತಾನೇ? ಇವರು ಮಾಡುವುದೇನು? ಕಂಪ್ಯೂಟರ್ ಸೈನ್ಸ್ ಓದಿದವರೇ ಆಗಬೇಕಾ?

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬೇಕಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಹವಾಮಾನ ಹೀಗೆ ಎಲ್ಲ ಕಡೆಯಿಂದಲೂ ಬರುತ್ತಾರೆ. ತಮ್ಮ ಲೆಕ್ಕ ಮಾಮೂಲಿ ಕಂಪ್ಯೂಟರಿನಲ್ಲಿ ಮುಗಿಯುತ್ತಿಲ್ಲ ಅಂತ ಇತ್ತ ಬಂದವರು ಎಷ್ಟೋ ಜನ ಇಲ್ಲೇ ಉಳಿದುಬಿಡುತ್ತಾರೆ.

ಇನ್ನು ಕೆಲಸದ ವಿಷಯ. ಸೂಪರ್‌ಕಂಪ್ಯೂಟರ್ ಅಂದರೆ ಒಂದೇ ದೊಡ್ಡ ಮಿದುಳಲ್ಲ. ಸಾವಿರಾರು ಕಂಪ್ಯೂಟರುಗಳನ್ನು ವೇಗದ ಜಾಲದಲ್ಲಿ ಜೋಡಿಸಿದ್ದು. ಹವಾಮಾನದ ಲೆಕ್ಕವನ್ನೇ ನೋಡಿ. ವಾತಾವರಣವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಪ್ರೊಸೆಸರುಗಳಿಗೆ, ಅಂದರೆ ಲೆಕ್ಕ ಮಾಡುವ ಚಿಪ್‌ಗಳಿಗೆ, ಹಂಚುತ್ತಾರೆ. ಆದರೆ ಗಾಳಿ ಚೌಕ ದಾಟುತ್ತದೆ ಅಲ್ವಾ? ಪ್ರತಿ ಹೆಜ್ಜೆಗೂ ಪಕ್ಕದವನ ಅಂಕಿ ಬೇಕು. ಅದು ಬರುವ ತನಕ ಪ್ರೊಸೆಸರ್ ಸುಮ್ನೆ ಕಾಯುತ್ತದೆ. ಹೇಗೆ ಕತ್ತರಿಸಿದರೆ, ಯಾವ ಅಂಕಿಯನ್ನು ಮುಂಚೆಯೇ ಕಳಿಸಿದರೆ ಈ ಕಾಯುವಿಕೆ ತಗ್ಗೀತು? ವಿಜ್ಞಾನಿಯ ತಲೆ ಓಡುವುದು ಇಲ್ಲಿ.

ಹಂಚಲಿಕ್ಕೇ ಆಗದ ಕೆಲಸವೂ ಇರುತ್ತದೆ. 100 ಗಂಟೆಯ ಕೆಲಸದಲ್ಲಿ 5 ಗಂಟೆಯದು ಹಂಚಲಾಗದ್ದು ಅಂದುಕೊಳ್ಳಿ. ಹತ್ತು ಲಕ್ಷ ಪ್ರೊಸೆಸರ್ ಕೊಟ್ಟರೂ 5 ಗಂಟೆಗಿಂತ ಬೇಗ ಮುಗಿಯದು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಎತ್ತಿ ತೋರಿಸಿದ ಮಿತಿ ಇದು. ಹಾಗಾಗಿ ಎಷ್ಟೋ ಸಲ ಹೊಸ ಯಂತ್ರಕ್ಕಿಂತ ಲೆಕ್ಕದ ವಿಧಾನವನ್ನೇ ಬದಲಿಸುವುದು ಜಾಸ್ತಿ ಫಲ ಕೊಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಕಂಪ್ಯೂಟರಿನಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳು ಬದಲಾಗಬಹುದು. ಸಾವಿರ ಪ್ರೊಸೆಸರುಗಳು ಕೂಡುವಾಗ ಕ್ರಮ ಪ್ರತಿ ಸಲ ಒಂದೇ ಇರಬೇಕೆಂದಿಲ್ಲ. ಅದೇ ಪ್ರೋಗ್ರಾಂ, ಅದೇ ಮಾಹಿತಿ, ಉತ್ತರ ಮಾತ್ರ ಕೂದಲೆಳೆಯಷ್ಟು ಬೇರೆ. ಇದು ತಪ್ಪೋ, ಸಹಜ ವ್ಯತ್ಯಾಸವೋ? ಅದನ್ನು ಮನುಷ್ಯರೇ ಕೂತು ನೋಡಬೇಕು.

ಇಂಥ ವಿಜ್ಞಾನಿಗಳಲ್ಲಿ ಒಬ್ಬರಾದ, ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಜ್ಯಾಕ್ ಡಾಂಗರಾ ಅವರ ದಾರಿ ನೋಡಿ. ಓದಿದ್ದು ಗಣಿತ. ಶಾಲಾ ಮೇಷ್ಟ್ರಾಗುವ ಯೋಚನೆಯಿತ್ತು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದದ್ದು ಬದುಕನ್ನೇ ತಿರುಗಿಸಿತು. ದೊಡ್ಡ ಸಮೀಕರಣಗಳನ್ನು ಬಿಡಿಸಲು ಕೊಟ್ಟು ಯಂತ್ರದ ವೇಗ ಅಳೆಯುವ ಅವರ ಲಿನ್‌ಪ್ಯಾಕ್ ಪರೀಕ್ಷೆಯ ಮೇಲೆಯೇ 1993ರಿಂದ ಟಾಪ್ 500 ಪಟ್ಟಿ, ಅಂದರೆ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರುಗಳ ಪಟ್ಟಿ, ಬರುತ್ತಿದೆ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2021ರದ್ದು ಅವರದು. ಲಿನ್‌ಪ್ಯಾಕ್ ಬಳಿಕ, ನಿಜವಾದ ಕೆಲಸಗಳಿಗೆ ಹತ್ತಿರವಾದ ಇನ್ನೊಂದು ಪರೀಕ್ಷೆಯನ್ನೂ ಸಂಗಡಿಗರ ಜೊತೆ ಅವರೇ ತಂದರು. 2022ರಲ್ಲಿ ಮೊದಲ ಸ್ಥಾನದಲ್ಲಿದ್ದ ಫ್ರಾಂಟಿಯರ್ ಯಂತ್ರ ಲಿನ್‌ಪ್ಯಾಕ್‌ನಲ್ಲಿ ಮುಟ್ಟಿದ ವೇಗದಲ್ಲಿ ಈ ಎರಡನೇ ಪರೀಕ್ಷೆಯಲ್ಲಿ ಕಂಡದ್ದು ನೂರಕ್ಕೆ ಒಂದೂವರೆಗಿಂತಲೂ ಕಡಿಮೆ. ಮೆಮೊರಿಯಿಂದ ಅಂಕಿ ಬರಲಿ ಅಂತ ಕಾಯುವುದೇ ಅಲ್ಲಿ ದೊಡ್ಡ ಖರ್ಚು.

ಈ ದಾರಿ ಹೇಗಿರುತ್ತದೆಂದು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ನಾಲ್ಕು ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಇರುವ ಲ್ಯಾಪ್‌ಟಾಪ್ ಸಾಕು. ಕೋಟಿ ಸಂಖ್ಯೆಗಳನ್ನು ಕೂಡುವ ಪ್ರೋಗ್ರಾಂ ಬರೆದು, ಒಂದು ಕೋರ್‌ನಲ್ಲಿ ಓಡಿಸಿ, ಆಮೇಲೆ ನಾಲ್ಕರಲ್ಲಿ ಓಡಿಸಿ, ಸಮಯ ಬರೆದಿಡಿ. ನಾಲ್ಕು ಪಟ್ಟು ವೇಗ ಬರದಿದ್ದರೆ ಯಾಕೆ ಅಂತ ಹುಡುಕಿ.